ಕುದುರೆಯ ಮುಂಗಾಲು

ಸಮುದಾಯ ಭವನದ ಕರಕುಶಲ ಮೇಳದಲ್ಲಿ ನಾನೂ ನನ್ನ ಭಾವನೂ ಬರ್ನರಿನ ಜ್ವಾಲೆಗೆ ಗಾಜಿನ ಕಡ್ಡಿ ಹಿಡಿದು, ಮಣಿ, ಮೀನು, ಹಕ್ಕಿಗಳನ್ನು ಮಾಡಿ ತೋರಿಸುತ್ತಿದ್ದೆವು. ಜೀವಮಾನವೆಲ್ಲ ಬಟ್ಟೆ ಹೊಲಿದು ಬದುಕಿದ ಅಜ್ಜಿಯೊಬ್ಬರು ಬಂದು ಕರವಸ್ತ್ರ ಬಿಚ್ಚಿದರು. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಕುದುರೆ. ಒಂದು ಮುಂಗಾಲು ಮುರಿದಿತ್ತು. ಗೊರಸಿನ ತುಂಡು ಉಳಿದಿತ್ತು, ನಡುವಿನ ಚೂರು ಕಳೆದುಹೋಗಿತ್ತು.

“ನಮ್ಮೆಜಮಾನ್ರು ಮಾಡಿದ್ದು. ಅವರ ಕೈಯಿಂದ ಉಳಿದಿರೋದು ಇದೊಂದೇ. ನಿಲ್ಲೋ ಹಾಗೆ ಮಾಡ್ಕೊಡಪ್ಪ.”

“ಅದಕ್ಕೇನಜ್ಜಿ, ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ತಾನೆ,” ಎಂದು ಭಾವ ಹೊರೆಯನ್ನು ನನ್ನ ತಲೆಗೆ ಹೊರಿಸಿದರು.

ಕಳೆದುಹೋದ ಚೂರಿನ ಜಾಗಕ್ಕೆ ನಮ್ಮ ಗಾಜನ್ನು ಸೇರಿಸಬೇಕಿತ್ತು. ಎಲ್ಲ ಗಾಜೂ ಒಂದೇ ಜಾತಿಯದಲ್ಲ. ತಣಿಯುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿದರೆ ಇಡೀ ಕುದುರೆಯೇ ಸೀಳಿಹೋದೀತು. ಕಣ್ಣಿಗೆ ಮಾತ್ರ ಎರಡೂ ತಿಳಿನೀರು. ಇದಕ್ಕೆ ನಮ್ಮಲ್ಲೊಂದು ಪರೀಕ್ಷೆಯುಂಟು: ಎರಡನ್ನೂ ಅಕ್ಕಪಕ್ಕ ಅಂಟಿಸಿ ಕರಗಿಸಿ, ಕೂದಲಿನಂಥ ಎಳೆ ತೆಗೆಯುವುದು. ತಣಿದ ಮೇಲೂ ಅದು ನೆಟ್ಟಗಿದ್ದರೆ ಗಾಜುಗಳು ಹೊಂದುತ್ತವೆ, ಬಾಗಿದರೆ ಇಲ್ಲ.

ಅಜ್ಜಿಯ ಒಪ್ಪಿಗೆ ಪಡೆದು, ಗೊರಸಿನ ತುಂಡಿನಿಂದ ಸಾಸಿವೆಯಷ್ಟು ಗಾಜು ಬಿಡಿಸಿ, ನಮ್ಮ ಕಡ್ಡಿಯೊಡನೆ ಎಳೆ ತೆಗೆದೆ. ನನಗೆ ಅದು ನೆಟ್ಟಗೆ ಕಂಡಿತು.

“ಬಿಲ್ಲಿನ ಥರ ಇದೆಯಲ್ಲೋ!” ಎಂದರು ಪಕ್ಕದಲ್ಲಿದ್ದ ಭಾವ.

“ನಿಮ್ಮ ಕನ್ನಡಕ ಡೊಂಕು, ಭಾವ.”

“ನಿನ್ನ ಬುದ್ಧಿ ಡೊಂಕು. ಕೊಡಿಲ್ಲಿ.” ಕೈಗೆ ತೆಗೆದುಕೊಂಡವರೇ ಪೆಚ್ಚಾದರು. “ಅಯ್ಯೋ, ಈಗ ನೆಟ್ಟಗಾಯ್ತು!”

ಅಷ್ಟರಲ್ಲಿ ನನಗೆ ಅದು ಡೊಂಕಾಗಿ ಕಂಡಿತು. ನೆರೆದವರೂ ಎರಡು ಪಕ್ಷವಾದರು. ಯಾರ ಕಣ್ಣನ್ನು ನಂಬಬೇಕೆಂದು ತಿಳಿಯದೆ ನಿಂತೆ.

“ಸೂಜಿ ಬಗ್ಗಿದ್ಯೋ ಇಲ್ವೋ ಅಂತ ಹೀಗೆ ನೋಡ್ತಾರಾ?” ಎನ್ನುತ್ತ ಅಜ್ಜಿ ಎಳೆಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಉರುಳಿಸಿದರು. ಅದು ಕುಂಟುತ್ತ ಹೊರಳಿತು. “ಬಗ್ಗಿದೆ. ಒಂದು ಪಕ್ಕದಿಂದ ನೋಡಿದ್ರೆ ಬಗ್ಗಿದ್ದೂ ನೆಟ್ಟಗೇ ಕಾಣತ್ತೆ ಕಣ್ರೋ.”

ನಮ್ಮ ಗಾಜು ಹೊಂದುವಂತಿರಲಿಲ್ಲ. ನಡುವಿನ ಚೂರಿಲ್ಲದೆ ಗೊರಸನ್ನು ನೇರವಾಗಿ ಬೆಸೆದರೆ ಕಾಲು ನೆಲ ಮುಟ್ಟುವಂತಿರಲಿಲ್ಲ.

“ಹಾಗೇ ಬಿಟ್ಬಿಡ್ಲಾ, ಅಜ್ಜಿ?”

“ಮನೇಲಿ ಮಲಗಿದ ಕುದುರೇನ ಇನ್ನೆಷ್ಟು ದಿನ ನೋಡ್ಲಿ? ಹೇಗಾದ್ರೂ ನಿಲ್ಲಿಸು.”

ಕುದುರೆಯನ್ನು ಕಾವಿನ ಪೆಟ್ಟಿಗೆಯಲ್ಲಿ ಮೆಲ್ಲನೆ ಬಿಸಿಮಾಡಿ, ಗೊರಸನ್ನು ಬೆಸೆದು, ಮೊಣಕಾಲನ್ನು ಮಡಿಸಿ ಮೇಲಕ್ಕೆತ್ತಿದೆ. ಉಳಿದ ಮೂರು ಕಾಲುಗಳನ್ನು ತುಸು ಅಗಲಿಸಿ, ಮತ್ತೆ ಪೆಟ್ಟಿಗೆಯಲ್ಲಿ ತಣಿಯಲು ಬಿಟ್ಟೆ. ಸಂಜೆ ಹೊರತೆಗೆದು ಮೇಜಿನ ಮೇಲಿಟ್ಟಾಗ ಅದು ಒಮ್ಮೆ ಓಲಾಡಿ, ನಿಂತಿತು. ಭಾವ ಚಪ್ಪಾಳೆ ತಟ್ಟಿದರು.

ಅಜ್ಜಿ ಮೇಜಿನ ಸುತ್ತ ಒಂದು ಸುತ್ತು ಬಂದರು.

“ಅವರದ್ದು ಸುಮ್ನೆ ನಿಂತಿತ್ತು. ಇದು ಎಲ್ಲಿಗೋ ಹೊರಟಿದೆ. ಈಗಿದು ಅವರ ಕುದುರೆನಾ, ನಿನ್ನದಾ?”

“ಅವರದ್ದೇ ಅಜ್ಜಿ,” ಎಂದರು ಭಾವ.

“ಗೊತ್ತಿಲ್ಲ ಅಜ್ಜಿ,” ಎಂದೆ ನಾನು, ಅದೇ ಉಸಿರಿನಲ್ಲಿ.

ಅಜ್ಜಿ ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿ, ಕುರ್ಚಿಯೊಂದನ್ನು ಎಳೆದುಕೊಂಡು ಕುದುರೆಯ ಎದುರು ಕುಳಿತರು. ಭವನದ ಬಾಗಿಲು ಮುಚ್ಚುವ ಹೊತ್ತಾದರೂ ಅವರು ಅದನ್ನು ಕೈಗೆತ್ತಿಕೊಂಡಿರಲಿಲ್ಲ.