ಕಪ್ಪು ಬಿಸಿ

ಬೆಳಗಿನಿಂದ ಕಮ್ಮಾರನ ಮಗಳ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ಇವತ್ತು ಯಾರಿಗೂ ತಿಳಿಯಬಾರದು.

ಹಳ್ಳಿಯ ಹಳೆಯ ಬದುಕನ್ನು ತೋರಿಸುವ ಆ ಮ್ಯೂಸಿಯಮ್ಮಿನಲ್ಲಿ ಅವತ್ತು ಕುಟುಂಬಗಳ ದಿನ. ದೊಡ್ಡ ಅಂಗಳ, ಸುತ್ತ ಕೆಲಸದ ಮನೆಗಳು. ಒಂದರಲ್ಲಿ ಕುಂಬಾರನ ತಿಗರಿ, ಒಂದರಲ್ಲಿ ಮಗ್ಗ, ಉದ್ದನೆಯ ಚಪ್ಪರದಲ್ಲಿ ಹಗ್ಗ ಹೊಸೆಯುವ ಗಾಲಿ, ಕಟ್ಟಕಡೆಗೆ ಅಪ್ಪನ ಕುಲುಮೆ. ಬೇರೆ ದಿನ ಬಂದವರು ಕೈಕಟ್ಟಿಕೊಂಡು ನೋಡಿ ಹೋಗಬೇಕು. ಕುಟುಂಬಗಳ ದಿನ ಮಾತ್ರ ಮಕ್ಕಳು ಮಣ್ಣು ಮುಟ್ಟಬಹುದು, ನೂಲು ಎಳೆಯಬಹುದು, ಅಜ್ಜ ಮೊಮ್ಮಕ್ಕಳು ಒಂದೊಂದು ತುದಿ ಹಿಡಿದು ಹಗ್ಗ ತಿರುಚಬಹುದು. ಕುಲುಮೆ ಮಾತ್ರ ಇಷ್ಟು ವರ್ಷ ನೋಡುವ ಜಾಗವಾಗಿಯೇ ಉಳಿದಿತ್ತು. ಬೆಂಕಿಯ ಜೊತೆ ಯಾರು ಸರಸವಾಡುತ್ತಾರೆ?

ಕುಲುಮೆಯ ಹಿಂದಿನ ಎರಡು ಕೋಣೆಯೇ ಅಪ್ಪ ಮಗಳ ಮನೆ. ಕುಲುಮೆ ಉರಿಸುವವನಿಗೆ ಅಂತ ಮ್ಯೂಸಿಯಮ್ಮಿನವರು ಕೊಟ್ಟದ್ದು. ಕೆಲಸ ಹೋದರೆ ಸೂರೂ ಹೋದ ಹಾಗೆ. ಅಮ್ಮ ತೀರಿಕೊಂಡ ವರ್ಷವೇ ಮಗಳು ಶಾಲೆ ಬಿಟ್ಟು ಬೆಂಕಿಗೆ ಗಾಳಿ ಊದುವ ತಿದಿಯ ಮುಂದೆ ಬಂದು ನಿಂತಿದ್ದಳು. ತಿದಿ ಒತ್ತುವವಳು ಮಾತಾಡಬೇಕಾಗಿಲ್ಲವಲ್ಲ, ಅದೇ ಅವಳಿಗೆ ಹಿತವಾಗಿತ್ತು. ಜನ ಹತ್ತಿರ ಬಂದರೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಪಕ್ಕದ ಚಪ್ಪರದ ಹಗ್ಗದ ಮಾವ ಅವಳಿಗೆ ಮೌನಗೌರಿ ಅಂತ ಹೆಸರಿಟ್ಟು, ದಿನಕ್ಕೊಂದು ಸಲವಾದರೂ ಕೆಣಕದೆ ಬಿಡುತ್ತಿರಲಿಲ್ಲ.

ಅಪ್ಪನ ಕಣ್ಣು ಒಂದೇ ಸಲಕ್ಕೆ ಹೋದದ್ದಲ್ಲ. ನಟ್ಟನಡುವೆ ಹೊಗೆ ಕೂತ ಹಾಗೆ, ಅಂಚಿನಲ್ಲಿ ಮಾತ್ರ ಒಂಚೂರು ಬೆಳಕು ಅಂತ ಅವನೇ ಹೇಳಿದ್ದ. ಕನ್ನಡಕದಿಂದ ಪ್ರಯೋಜನವಿಲ್ಲ ಅಂತ ಡಾಕ್ಟರು ಕೈಚೆಲ್ಲಿಬಿಟ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅಪ್ಪ ಅಂದ: "ಈ ಮಾತು ನಮ್ಮಿಬ್ಬರಲ್ಲೇ ಇರಲಿ. ಕುಲುಮೆ ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?"

ಕುಲುಮೆಯ ಒಳಗೆ ಅವನಿಗೆ ಕಣ್ಣಿನ ಹಂಗೇ ಇರಲಿಲ್ಲ. ಇಕ್ಕಳಕ್ಕೊಂದು ಮೊಳೆ, ಸುತ್ತಿಗೆಗೊಂದು ಮೊಳೆ, ನೀರಿನ ತೊಟ್ಟಿ ಎಡಗಾಲ ಬಳಿ. ಕೈ ಚಾಚಿದಲ್ಲಿ ಬೇಕಾದದ್ದು ಸಿಗುತ್ತಿತ್ತು. ಆದರೆ ಕಾದ ಕಬ್ಬಿಣದ ಬಣ್ಣವನ್ನು ಯಾವ ಮೊಳೆಗೆ ನೇತುಹಾಕುವುದು? ಬರೀ ಕೆಂಪಿದ್ದರೆ ಬಗ್ಗುವುದಿಲ್ಲ, ಹಳದಿಗೆ ಬಂದಾಗ ಹೇಳಿದಂತೆ ಕೇಳುತ್ತದೆ, ಬಿಳಿಗೆ ತಿರುಗಿತೋ ಕಿಡಿ ಕಾರಿ ಸುಟ್ಟೇ ಹೋಗುತ್ತದೆ. ಮೊದಮೊದಲು ಮಗಳು ತಿದಿ ಒತ್ತುತ್ತಲೇ ಅವನಿಗಷ್ಟೇ ಕೇಳುವಂತೆ ಬಣ್ಣ ಉಸುರುತ್ತಿದ್ದಳು. ಹೀಗಿರುವಾಗ ಒಂದು ದಿನ ನೋಡಲು ಬಂದ ಮಗುವೊಂದು "ಹಳದಿ ಆಯ್ತು!" ಅಂತ ತಾನಾಗಿಯೇ ಕೂಗಿತು. ಅಪ್ಪನ ಮುಖ ಅರಳಿತು. ಅವತ್ತಿನಿಂದ ಅದೇ ಒಂದು ಆಟ.

"ಈಗ ಯಾವ ಬಣ್ಣ, ಮಕ್ಕಳೇ?"

"ಕೆಂಪು!"

"ಈಗ?"

"ಹಳದಿ!"

ಅಪ್ಪ ಕಬ್ಬಿಣ ತೆಗೆದು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದ. "ಕಪ್ಪು!" ಅಂತ ಕೂಗಿದರೆ ಆ ಸರದಿ ಮುಗಿಯಿತು, ಮತ್ತೆ ಬೆಂಕಿಗೆ ಹಾಕು, ಇಲ್ಲವೇ ಹೊಸದು ತೆಗೆ. ಮಕ್ಕಳು ಕುಣಿದಾಡಿದರು, ಅಪ್ಪ ಅಮ್ಮಂದಿರು ಫೋಟೋ ಹೊಡೆದರು, ಮ್ಯೂಸಿಯಮ್ಮಿನವರು ಆಟದ ಹೆಸರು ಹಾಕಿ ಫಲಕವನ್ನೇ ನಿಲ್ಲಿಸಿದರು. ಆಡುವ ಮಕ್ಕಳೇ ಅಪ್ಪನ ಕಣ್ಣು ಅಂತ ಯಾರಿಗೆ ಹೊಳೆಯಬೇಕು?

ಕುಟುಂಬಗಳ ದಿನದ ಬೆಳಿಗ್ಗೆ ಹೊಸದಾಗಿ ಬಂದ ಮೇಲ್ವಿಚಾರಕಿ ಮೇಡಂ ಕುಲುಮೆಗೆ ಬಂದರು. ಮನುಷ್ಯರು ಒಳ್ಳೆಯವರೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವರು.

"ಯಜಮಾನ್ರೇ, ಈ ಸಲ ಕುಲುಮೆಯಲ್ಲೂ ಮಕ್ಕಳ ಕೈಯಿಂದಲೇ ಮಾಡಿಸೋಣ. ಒಂದೊಂದು ಮಗು ಒಂದೊಂದು ಕೊಕ್ಕೆ. ನೀವು ಸುತ್ತಿಗೆ ಜೊತೆಗೆ ಹಿಡ್ಕೊಂಡ್ರಾಯ್ತು. ಆಗುತ್ತಲ್ವಾ?"

ಆಗುವುದಿಲ್ಲ ಅನ್ನು ಅಪ್ಪಾ, ಅನ್ನು, ಅಂತ ಮಗಳು ಒಳಗೊಳಗೇ ಬೇಡಿಕೊಂಡಳು.

"ಅದಕ್ಕೇನು ಮೇಡಂ, ಧಾರಾಳವಾಗಿ," ಅಂದ ಅಪ್ಪ.

ಮೇಡಂ ಬೆನ್ನು ತಿರುಗಿಸಿದ್ದೇ ಅವಳು ಹತ್ತಿರ ಬಂದಳು. "ಅಪ್ಪಾ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಮಕ್ಕಳ ಕೈ ಎಲ್ಲಿರುತ್ತೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಸುತ್ತಿಗೆ ಮೇಲೆ ಅವರ ಕೈ, ಅವರ ಕೈ ಮೇಲೆ ನನ್ನ ಕೈ. ಇನ್ನೆಲ್ಲಿಗೆ ಹೋಗುತ್ತೆ? ಮಿಕ್ಕಿದ್ದು ನೋಡೋಕೆ ನೀನಿದ್ದೀಯಲ್ಲ."

"ಒಂದು ವೇಳೆ..."

"ಇಲ್ಲ ಅಂದರೆ ಯಾಕೆ ಅಂತ ಕೇಳ್ತಾರೆ. ಆಗ ಏನು ಹೇಳಲಿ?" ಅಪ್ಪನ ದನಿ ಗಡುಸಾಯಿತು. "ಹೋಗು, ಇದ್ದಿಲು ತಾ."

ಅಂಗಳ ತುಂಬಿತು. ಹಗ್ಗದ ಚಪ್ಪರದಿಂದ ಮಾವನ ದನಿ ಎಲ್ಲರ ಗಲಾಟೆಯನ್ನು ಮೀರಿ ಕೇಳುತ್ತಿತ್ತು: "ಅತ್ತೆ ಸೊಸೆ ಒಂದೊಂದು ತುದಿ ಹಿಡೀರಿ! ಮನೇಲಿ ಜಗ್ಗಾಡೋದು ಹೇಗೂ ಅಭ್ಯಾಸ ಇದೆಯಲ್ಲ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಕುಲುಮೆಯ ಬಾಗಿಲಲ್ಲಿ ಸಾಲು ಬೆಳೆಯಿತು.

ಮೊದಲ ಕೆಲವು ಮಕ್ಕಳದು ಸುಸೂತ್ರವಾಗಿ ಮುಗಿಯಿತು. ಮಗಳು ಮೈಯೆಲ್ಲ ಕಣ್ಣಾಗಿ ನಿಂತಿದ್ದಳು. ಮಗು ಬಂದರೆ ಭುಜ ಹಿಡಿದು ಅಡಿಗಲ್ಲಿನಿಂದ ಇಷ್ಟು ದೂರ ನಿಲ್ಲಿಸುತ್ತಿದ್ದಳು, ಪುಟ್ಟ ಸುತ್ತಿಗೆ ಕೊಡುತ್ತಿದ್ದಳು, ಓಡಿಹೋಗಿ ತಿದಿ ಒತ್ತುತ್ತಿದ್ದಳು. ಬಗ್ಗಿಸಿದ ಕೊಕ್ಕೆಯನ್ನು ಅಡಿಗಲ್ಲಿನ ಮೇಲಿಡುವುದು ಅಪ್ಪನ ಕೆಲಸ. ಅದನ್ನು ಇಕ್ಕಳದಿಂದ ಎತ್ತಿ ನೀರಿಗೆ ಅದ್ದುವುದು ಅವಳ ಕೆಲಸ. ವರ್ಷಗಳಿಂದ ಹಾಗೇ ನಡೆದುಬಂದಿತ್ತು. ಬಣ್ಣ ಹೋದ ಕಬ್ಬಿಣವೇ ಎಲ್ಲಕ್ಕಿಂತ ಮೋಸದ್ದು. ನೋಡಲು ತಣ್ಣಗೆ ಕಪ್ಪಗೆ ಬಿದ್ದಿರುತ್ತದೆ, ಮುಟ್ಟಿದರೆ ಚರ್ಮ ಅಂಟಿಕೊಂಡೇ ಬರುತ್ತದೆ. ಅಪ್ಪ ಅದನ್ನು ಕಪ್ಪು ಬಿಸಿ ಅನ್ನುತ್ತಿದ್ದ.

ಅಷ್ಟರಲ್ಲಿ ಮೇಡಂ ಮತ್ತೆ ಬಂದರು. "ಇವಳೇ, ಹೊರಗೆ ಸಾಲು ಎಕ್ಕುಟ್ಟೋಗಿದೆ. ನೀನು ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಬಿಡು. ತಿದಿ ನಾನು ಒತ್ತುತ್ತೀನಿ, ನನಗೂ ಒಂದು ಫೋಟೋ ಆಗುತ್ತೆ."

ಮಗಳು ಅಪ್ಪನ ಕಡೆ ನೋಡಿದಳು. ಅವಳ ನೋಟ ಅವನನ್ನು ಮುಟ್ಟುವಂತಿರಲಿಲ್ಲ.

"ನಾನು... ಇಲ್ಲೇ..." ಅಂದಳು.

"ಹೋಗಮ್ಮ," ಅಂದ ಅಪ್ಪ ನಗುನಗುತ್ತಲೇ. "ನೀರಿಗೆ ನಾನೇ ಅದ್ದುತ್ತೀನಿ."

ಅವಳು ಬಾಗಿಲಿಗೆ ಬಂದು ನಿಂತಳು. ನಡುವೆ ಜನರ ಬೆನ್ನು, ಎತ್ತಿದ ಮೊಬೈಲುಗಳು, ಅಪ್ಪಂದಿರ ಹೆಗಲೇರಿ ಕೂತ ಮಕ್ಕಳ ಕಾಲು. ಸಂದಿಯಲ್ಲಿ ಅಡಿಗಲ್ಲು ಕಂಡೂ ಕಾಣದ ಹಾಗೆ ಕಾಣುತ್ತಿತ್ತು. ಒಂದು ಮಗುವಿನ ಸರದಿ ಮುಗಿಯಿತು. ಅಪ್ಪ ತಾನೇ ನೀರಿಗೆ ಅದ್ದಿದ, ಚುಂಯ್ ಎಂದಿತು. ಇನ್ನೊಂದು ಮುಗಿಯಿತು; ಚುಂಯ್. ಒಂದೊಂದು ಚುಂಯ್‌ಗೂ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಆಮೇಲೆ ಒಳಗೆ ಹೋದವಳು ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ, ಜೊತೆಗೆ ಅವಳ ಅಜ್ಜ. ಹುಡುಗಿ ಬಾಯಿಗೆ ಬಿಡುವೇ ಕೊಡದವಳು.

"ಕಮ್ಮಾರ ತಾತಾ, ನಿಮಗೆ ಬಿಸಿ ಆಗಲ್ವಾ? ನಿಮ್ಮ ಮೀಸೆ ಯಾವತ್ತೂ ಸುಟ್ಟಿಲ್ವಾ? ನಮ್ಮಜ್ಜನದ್ದು ಒಂದ್ಸಲ ಸ್ಟವ್ ಹಚ್ಚೋವಾಗ ಸುಟ್ಟೋಗಿತ್ತು!"

"ಏಯ್, ಅದನ್ನೆಲ್ಲ ಯಾಕೆ ಡಂಗುರ ಹೊಡೀತೀಯೇ," ಅಂದರು ಅಜ್ಜ. ಎಲ್ಲರೂ ನಕ್ಕರು. ಅಪ್ಪನೂ ಮನಬಿಚ್ಚಿ ನಕ್ಕ. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಆ ನಗುವನ್ನು ಕಂಡೇ ಮಗಳಿಗೆ ಯಾಕೋ ಭಯವಾಯಿತು.

"ಹಳದಿ!" ಹುಡುಗಿ ಚೀರಿದಳು. ಅಪ್ಪ ಅವಳ ಕೈ ಮೇಲೆ ಕೈಯಿಟ್ಟು ಬಡಿದ. ಟಣ್, ಟಣ್. ಕಬ್ಬಿಣ ಬಾಗಿತು, ಕೊಕ್ಕೆಯಾಯಿತು. "ಕೆಂಪು... ಕೆಂಪು... ಕಪ್ಪು!"

"ಭಲೇ ಹುಡುಗಿ! ನನಗಿಂತ ಚೆನ್ನಾಗಿ ಮಾಡಿದೆ," ಅನ್ನುತ್ತ ಅಪ್ಪ ಕೊಕ್ಕೆಯನ್ನು ಅಡಿಗಲ್ಲಿನ ಮೇಲಿಟ್ಟು, ಮುಂದಿನ ಕಬ್ಬಿಣ ತೆಗೆಯಲು ಬೆಂಕಿಯ ಕಡೆ ತಿರುಗಿಬಿಟ್ಟ.

ಚುಂಯ್ ಎನ್ನಲಿಲ್ಲ.

ಬಾಗಿಲಲ್ಲಿ ಮಗಳು ತುದಿಗಾಲಲ್ಲಿ ನಿಂತು ನೋಡಿದಳು. ನಗುವಿನ ಗುಂಗಿನಲ್ಲಿ ಅಪ್ಪನ ಕೈ ಹಳೆಯ ಅಭ್ಯಾಸಕ್ಕೆ ಜಾರಿತ್ತು. ಇಕ್ಕಳ ಹಿಡಿದು ಅವಳು ಅಲ್ಲೇ ನಿಂತಿದ್ದಾಳೆ ಅಂತ ಆ ಕೈ ನಂಬಿತ್ತು. ಅಜ್ಜ ಫೋಟೋ ಸರಿ ಬಂತೋ ಇಲ್ಲವೋ ಅಂತ ಮೊಬೈಲಿಗೆ ಮುಖ ಹಾಕಿದ್ದರು. ಮೇಡಂ ತಿದಿಯ ಹಿಡಿಕೆ ಹಿಡಿದು ಮ್ಯೂಸಿಯಮ್ಮಿನ ಕ್ಯಾಮೆರಾದವನ ಕಡೆ ನಗುತ್ತಿದ್ದರು. ಹುಡುಗಿ ಸುತ್ತಿಗೆ ಕೆಳಗಿಟ್ಟಳು.

"ಕಪ್ಪಾಯ್ತು, ನಂದು ಮುಗೀತು!" ಅಂದಳು.

ಮುಗಿಯಿತು ಅಂತ ಕಲಿಸಿದವರು ತಾವೇ ಅಲ್ಲವೇ? ಕೊಕ್ಕೆ ಎತ್ತಿಕೊಳ್ಳಲು ಪುಟ್ಟ ಕೈ ಮೇಲೆದ್ದಿತು.

"ಮುಟ್ಬೇಡ," ಅಂದಳು ಮಗಳು. ಅದು ಅವಳ ಕಿವಿಗೇ ಸರಿಯಾಗಿ ಕೇಳಲಿಲ್ಲ. ಮುಂದಿದ್ದವರನ್ನು ತಳ್ಳಿದಳು, ಬೆನ್ನುಗಳು ಅಲುಗಲಿಲ್ಲ. ಆ ಕೈಗೆ ಹತ್ತಿರವಿದ್ದವನು ಅಪ್ಪನೊಬ್ಬನೇ. ಅವನು ತಿರುಗಿದರೂ ಅವನಿಗೆ ಕಾಣುವುದು ಹೊಗೆ.

"ಅಪ್ಪಾ!" ಅವಳ ಬಾಯಿಂದ ಹೊರಟ ಕೂಗಿಗೆ ಹಗ್ಗದ ಚಪ್ಪರವೂ ಮೌನವಾಯಿತು. "ಅಪ್ಪಾ, ತಿರುಗು! ಅಡಿಗಲ್ಲಿನ ಮೇಲೆ ಮಗು ಕೈ! ಎಡಕ್ಕೆ! ಇನ್ನೂ ಎಡಕ್ಕೆ, ಕೆಳಗೆ!"

ಇಕ್ಕಳ ಠಣ್ಣೆಂದು ಬಿತ್ತು. ತಿರುಗಿದ ರಭಸಕ್ಕೆ ಅಪ್ಪನ ಎಡಗೈ ಗಾಳಿಯಲ್ಲೊಮ್ಮೆ ತಡಕಾಡಿ, ಅವಳು ಹೇಳಿದಲ್ಲಿಗೆ ಅಪ್ಪಳಿಸಿತು. ಅಂಗೈ ಕೊಕ್ಕೆಯ ಮೇಲೆ ಬಿತ್ತು. ಹುಡುಗಿಯ ಬೆರಳುಗಳು ಬಂದು ಅವನ ಕೈಯ ಮೇಲೆ ಕೂತವು.

ಅಪ್ಪ ಕೂಗಲಿಲ್ಲ. ಹಲ್ಲು ಕಚ್ಚಿ ಬಲಗೈಯಿಂದ ಮಗುವನ್ನು ಹಿಂದಕ್ಕೆ ಸರಿಸಿ, ಆಮೇಲೆ ಕೈ ಎತ್ತಿ ತೊಟ್ಟಿಯ ನೀರಿಗೆ ಅದ್ದಿದ.

ಅಜ್ಜ ಮೊಮ್ಮಗಳನ್ನು ಬಾಚಿ ಎತ್ತಿಕೊಂಡರು. ಹೆದರಿಕೆ ಸಿಟ್ಟಾಗಿ ಹೊರಗೆ ಬಂತು. "ಏನ್ರೀ ಇದು? ಮಕ್ಕಳ ಮುಂದೆ ಬೆಂಕಿಯಂಥದ್ದು ಇಟ್ಟು ಆ ಕಡೆ ತಿರುಗ್ತೀರಲ್ಲ, ಕಣ್ಣು ಕಾಣಲ್ವಾ ನಿಮಗೆ?"

ಸಿಟ್ಟು ಬಂದಾಗ ಯಾರು ಬೇಕಾದರೂ ಆಡುವ ಮಾತು. ಆದರೆ ಆಡಿದ ಮೇಲೆ ಅದು ಕುಲುಮೆಯ ನಡುವೆ ಹಾಗೇ ನಿಂತುಬಿಟ್ಟಿತು.

"ಹೊಗೆ," ಅಂದ ಅಪ್ಪ. "ಹೊಗೆ ಕಣ್ಣಿಗೆ ಹೋಗಿತ್ತು. ತಪ್ಪಾಯ್ತು ಯಜಮಾನ್ರೇ. ಮಗೂಗೆ ಏನೂ ಆಗಿಲ್ಲ ತಾನೇ?"

"ಏನೂ ಆಗಿಲ್ಲ ತಾತಾ," ಅಂತ ಹುಡುಗಿಯೇ ಅಳುಮೋರೆಯಲ್ಲಿ ಹೇಳಿದಳು.

"ಸರಿ ಹಾಗಾದ್ರೆ. ಬಟ್ಟೆ ಸುತ್ತಿಕೊಂಡ್ರೆ ಆಯ್ತು. ಮುಂದಿನವರು ಬನ್ನಿ." ಅಪ್ಪ ಒದ್ದೆ ಕೈಯನ್ನು ಬೆನ್ನ ಹಿಂದೆ ಮಡಗಿ ನಗಲು ನೋಡಿದ. ಸಾಲಿನ ಮುಂದೆ ಇನ್ನೊಂದು ಮಗು ತನ್ನ ಅಮ್ಮನ ಸೆರಗು ಹಿಡಿದು ನಿಂತಿತ್ತು. ಹೋಗಲೋ ಬೇಡವೋ ಅಂತ ಅದು ಅಮ್ಮನ ಮುಖ ನೋಡಿತು.

ಮೇಡಂ ತಿದಿ ಬಿಟ್ಟು ಮಗಳ ಹತ್ತಿರ ಬಂದರು. "ಎಡಕ್ಕೆ, ಕೆಳಗೆ ಅಂತ ಕೂಗಿದೆಯಲ್ಲ," ಅಂದರು ಮೆಲ್ಲಗೆ. "ಯಾಕೆ ಹಾಗೆ ಕೂಗಿದೆ? ಹೊಗೆಯಾ?"

ಒಂದು ಹೂಂ ಅಂದಿದ್ದರೆ ಸಾಕಾಗಿತ್ತು. ತಲೆ ಆಡಿಸಿದ್ದರೂ ನಡೆಯುತ್ತಿತ್ತು, ಅವಳು ತಲೆ ಆಡಿಸುವವಳೇ. ಹಿಂದಿನ ಎರಡು ಕೋಣೆ ಕಣ್ಣ ಮುಂದೆ ಬಂದವು. ಅಪ್ಪ ಉಸಿರು ಬಿಗಿಹಿಡಿದು ಇತ್ತ ಕಿವಿಯಿಟ್ಟು ನಿಂತಿದ್ದ. ಸೆರಗು ಬಿಟ್ಟ ಆ ಮಗು ಅಡಿಗಲ್ಲಿನ ಕಡೆ ಒಂದು ಹೆಜ್ಜೆ ಇಟ್ಟಿತು.

"ಅಲ್ಲ ಮೇಡಂ," ಅಂದಳು ಮಗಳು. "ಅಪ್ಪನಿಗೆ ಕಣ್ಣು ಕಾಣಲ್ಲ. ತುಂಬಾ ದಿನ ಆಯ್ತು. ಮಗೂನ ಹಿಂದಕ್ಕೆ ಕರ್ಕೊಳ್ಳಿ."

ಆ ತಾಯಿ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡಳು. ಗುಜುಗುಜು ಬಾಗಿಲಿನಿಂದ ಅಂಗಳಕ್ಕೆ ಹರಿಯಿತು. ಮೇಡಂ ಸಾಲಿನ ಮುಂದೆ ಬಂದು ನಿಂತರು. ಆಮೇಲೆ ಕುಲುಮೆ ಇವತ್ತಿಗೆ ಮುಚ್ಚಿದೆ, ದಯವಿಟ್ಟು ಎಲ್ಲರೂ ಹೊರಗೆ ನಡೀರಿ ಅಂದರು. ಹೊರಗೆ ಹೋಗುವ ಮುಂಚೆ ಮಗಳ ಕಡೆ ತಿರುಗಿ, "ನಾನು ಇದನ್ನ ಮೇಲಿನವರಿಗೆ ಹೇಳದೆ ಇರೋಕಾಗಲ್ಲ, ಗೊತ್ತಲ್ಲ?" ಅಂದರು. ಅವಳು ಗೊತ್ತು ಅಂದಳು.

ಅಪ್ಪ ತೊಟ್ಟಿಯ ಪಕ್ಕದ ಮುಕ್ಕಾಲಿಯ ಮೇಲೆ ಕುಸಿದು ಕೂತಿದ್ದ. ಅವಳು ಅವನ ಅಂಗೈ ಬಿಡಿಸಿ ನೋಡಿದಳು. ಕೊಕ್ಕೆಯ ಆಕಾರ ಹಾಗೆಯೇ ಎದ್ದಿತ್ತು.

"ಹೇಳಲೇಬೇಕಿತ್ತಾ?" ಅಂದ ಅಪ್ಪ. "ಅಷ್ಟು ಜನರ ಮುಂದೆ?"

"ಹೇಳಬೇಕಿತ್ತು."

"ನಾನು ನಿಭಾಯಿಸ್ತಿದ್ದೆ."

"ಇನ್ನೊಂದು ಮಗು ಬರ್ತಿತ್ತು ಅಪ್ಪಾ."

ಅವನು ಅವಳ ಕೈಯಿಂದ ತನ್ನ ಕೈ ಕಿತ್ತುಕೊಂಡ. ಒತ್ತುವವರಿಲ್ಲದೆ ಬೆಂಕಿ ತನ್ನಷ್ಟಕ್ಕೆ ತಾನು ಇಳಿಯುತ್ತಿತ್ತು. ಅವಳು ತಪ್ಪಾಯಿತು ಅನ್ನಲಿಲ್ಲ. ಅಳು ಬಂತು, ಅದನ್ನೂ ನುಂಗಿಕೊಂಡಳು.

"ಔಷಧಿ ಹಚ್ಚಿಸಬೇಕು," ಅಂದಳು ಕೊನೆಗೆ. "ಆಫೀಸಿನಲ್ಲಿ ಪೆಟ್ಟಿಗೆ ಇದೆ. ನಾನು ಹೋಗಿ ತರಲಾ?"

ಆಫೀಸು ಅಂಗಳದ ಆ ತುದಿಗೆ. ಕುಲುಮೆಯ ಹೊಸಿಲು ದಾಟಿದರೆ ಅಪ್ಪನಿಗೆ ಒಂದು ಮೊಳೆಯ ಗುರುತೂ ಇಲ್ಲ. ಹಗಲು ಹೊತ್ತಿನಲ್ಲಿ, ಜನರ ನಡುವೆ, ಅವನು ಹೊರಗೆ ಕಾಲಿಡದೆ ಎಷ್ಟೋ ತಿಂಗಳಾಗಿತ್ತು.

ಅಪ್ಪ ಎದ್ದು ನಿಂತ. ಸುಡದ ಕೈಯನ್ನು ಅವಳಿದ್ದ ಕಡೆ ಚಾಚಿದ. ಮುಖ ಇನ್ನೂ ಸಿಟ್ಟಿನಲ್ಲೇ ಇತ್ತು.

"ಹೊರಗೆ ಯಾರಿದ್ದಾರೆ?"

ಅವಳು ಬಾಗಿಲಾಚೆ ನೋಡಿದಳು. "ಎಲ್ಲರೂ ಇದ್ದಾರೆ ಅಪ್ಪಾ. ದಾರಿ ಬಿಟ್ಟು ನಿಂತಿದ್ದಾರೆ."

"ಹಂಗಾದ್ರೆ ಹಿಡ್ಕೊ," ಅಂದ ಅಪ್ಪ. "ಮೆಟ್ಟಿಲು ಬಂದ್ರೆ ಹೇಳು."