ಕೊಡ ಎತ್ತುವ ಕೈ

ಫೋಟೋಗೆ ಹಾರ ಹಾಕಲು ನಮ್ರತಾ ಬಲಗೈ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು, ಮುಂದೆ ನನ್ನಿಂದಾಗದು ಎಂಬಂತೆ ನಿಂತುಬಿಟ್ಟಿತು. ಹಾರವನ್ನು ಎಡಗೈಗೆ ದಾಟಿಸಿ ಹಾಕಿದಳು. ಯಾರಾದರೂ ನೋಡಿದರೇನೋ ಎಂದು ತಿರುಗಿದರೆ, ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಚನ್ನವೀರಪ್ಪನವರ ಹಣೆಯ ವಿಭೂತಿ ಸರಿಮಾಡುತ್ತಿದ್ದ ಪ್ರೇಮವ್ವ ಕೈ ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು.

ಚನ್ನವೀರಪ್ಪ ಅಮೆರಿಕದ ರೆಡೊಂಡೊ ಬೀಚ್ ಎಂಬ ಊರಿನಲ್ಲಿ ಮೂವತ್ತು ವರ್ಷ ಸ್ಯಾಟಲೈಟಿನ ಬಿಡಿಭಾಗ ಅಳೆದವರು. ಸಂಜೆಯಾದರೆ ಊರಿನ ಈಜುಕೊಳದಲ್ಲಿ ಮಕ್ಕಳ ಕೋಚು. ಮೂರು ದಿನದ ಹಿಂದೆ ಹೃದಯ ನಿಂತು ಹೋಗಿದ್ದರು. ಹಿಂದಿನ ಸಾಲಿನ ತುಂಬ ಅವರ ಈಜುಗಾರರೇ.

"ಕುಂದ್ರಿಸಿ ಮಣ್ಣ ಮಾಡೋದು ನಮ್ಮ ಪದ್ಧತಿ ಅಂತ ಎಷ್ಟ ಬಡಕೊಂಡೆ," ಗೆಳೆಯ ಸಿದ್ಧಲಿಂಗೇಶ ಪಕ್ಕದವರಿಗೆ ಹೇಳುತ್ತಿದ್ದರು. "ಸಾರಿ ಸರ್, ವನ್ ಸೈಜ್ ಓನ್ಲಿ ಅಂದ್ರು ಇಲ್ಲಿ ಪೆಟಗಿ ಕೊಡೋರು. ಒಬ್ಬೊಬ್ಬರಿಗೆ ಒಂದೊಂದ ಅಳತಿ ಹಚ್ಚಿದ ಮನಷಾಗ ಕಡೀಕ ರೆಡಿಮೇಡ್ ಪೆಟಗಿ, ನೋಡ್ರಿ."

ಅದೇ ಉಸಿರಿಗೆ ಸತ್ತವರ ದನಿಯನ್ನೇ ತೆಗೆದರು: "ಇಂದುಧರ, ನೀ ಈಸಾಕತ್ತೀಯೋ, ರೊಟ್ಟಿ ಬಡ್ಯಾಕತ್ತೀಯೋ?"

ಹಿಂದಿನ ಸಾಲಿನಲ್ಲಿದ್ದ ಇಂದುಧರ ನಕ್ಕ, ಅವನ ಸಾಲೂ ನಕ್ಕಿತು, ನಗುತ್ತಲೇ ಕಣ್ಣೊರೆಸಿಕೊಂಡಿತು. ನಮ್ರತಾಳಿಗೆ ಎರಡೂ ಬರಲಿಲ್ಲ.

*

2001ರ ಬೇಸಿಗೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತಿದ್ದ ಚನ್ನವೀರಪ್ಪ ಪ್ರತಿ ಮಗುವಿಗೂ ಆ ದಿನದ ಅಭ್ಯಾಸದ ಬೇರೆ ಬೇರೆ ಚೀಟಿ ಬರೆಯುತ್ತಿದ್ದರು. ನೆನೆಯದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅವರವರ ಲೇನಿನ ಒದ್ದೆ ಅಂಚಿಗೆ ಅಂಟಿಸುತ್ತಿದ್ದರು. ಹದಿನೇಳರ ನಮ್ರತಾಳ ಚೀಟಿಯಲ್ಲಿ ನಲವತ್ತು ಲ್ಯಾಪ್. ಪಕ್ಕದ ಇಂದುಧರನಿಗೆ ಎಂಬತ್ತು.

"ಅಂಕಲ್, ನಾನು ಅವನಿಗಿಂತ ಫಾಸ್ಟ್. ನನಗ್ಯಾಕೆ ಅರ್ಧ?"

"ಅವನ ಭುಜ ಬ್ಯಾರೆ, ನಿನ್ನ ಭುಜ ಬ್ಯಾರೆ. ನಿನ್ನ ಕೀಲು ಸಡಲ ಅದಾವು. ಮೊದಲ ಕೈ ತಿದ್ದೂಣು, ಆಮ್ಯಾಲ ಲ್ಯಾಪು ಏರಸೂಣು. ಈಗ ಹೆಂಗ ಈಸ್ತೀ ತೋರಸ್ಲೇನು?"

ಅವರು ಕೊಳದಂಚಿನಲ್ಲಿ ನಿಂತು, ಮೊಣಕೈ ಹೊರಚಾಚಿ, ಭುಜ ಕುಗ್ಗಿಸಿ, ಬಾವಿಯಿಂದ ತುಂಬಿದ ಕೊಡ ಎತ್ತುವವಳಂತೆ ಉಸ್ಸೆಂದು ಕೈ ಎತ್ತಿದರು. ಕೊಳಕ್ಕೆ ಕೊಳವೇ ನಕ್ಕಿತು.

ನಮ್ರತಾ ಮರುದಿನ ಹೋಗಲಿಲ್ಲ. ಆ ತಿಂಗಳೇ ಕಾಲೇಜಿಗೆಂದು ಸ್ಯಾನ್ ಡಿಯಾಗೋಗೆ ಹೊರಟವಳು ಹೇಳಿಯೂ ಹೋಗಲಿಲ್ಲ. ಅಲ್ಲಿ ಸೇರಿದ ಕ್ಲಬ್ಬಿನಲ್ಲಿ ಎಲ್ಲರಿಗೂ ಒಂದೇ ಬೋರ್ಡು, ಇನ್ನೂರು ಲ್ಯಾಪ್. ಅದೇ ಮರ್ಯಾದೆ ಎನಿಸಿತು. ಎರಡು ವರ್ಷ ಗೆದ್ದಳು. ಮೂರನೆಯ ವರ್ಷ ರೇಸಿನ ನಡುವೆಯೇ ಬಲಭುಜದ ಸ್ನಾಯು ಹರಿಯಿತು, ಎರಡು ಆಪರೇಷನ್.

ಈಗ ಅದೇ ಊರಿನ ಟೊರ್ರಿ ಪೈನ್ಸಿನಲ್ಲಿ, ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮೇಲಿನ ಶೆಲ್ಫಿನ ಬಾಟಲಿಗೆ ಸ್ಟೂಲ್ ಹತ್ತುವಾಗಲೆಲ್ಲ 'ನೀವೇ ಸರಿ, ಅಂಕಲ್' ಎನ್ನಬೇಕೆನಿಸುತ್ತಿತ್ತು. ಫೋನನ್ನು ಎಡಗೈಯಲ್ಲೂ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

*

ಗುಂಡಿಯತ್ತ ನಡೆಯುವಾಗ ಪ್ರೇಮವ್ವ ಅವಳ ಬಲತೋಳನ್ನು ಹಗುರವಾಗಿ ಹಿಡಿದುಕೊಂಡರು.

"ಆಂಟಿ, ಒಂದ್ಸಲ ಬಂದು ಸಾರಿ ಹೇಳ್ಬೇಕಿತ್ತು. ನನ್ನ ಕೈ ಹೀಗಾಗಿದ್ದು ಅಂಕಲ್‌ಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಿತ್ತವಾ. ನಿನ್ನ ಕಡೀ ರೇಸ್ ನೋಡಾಕ ಹೋಗಿದ್ರು. ಮ್ಯಾಲಿನ ಮೆಟ್ಟಲದಾಗ ಕುಂತು ನಿನ್ನ ಕೈ ನಿಂತದ್ದ ನೋಡಿ, ಹಂಗ ಗಾಡಿ ಹೊಡಕೊಂಡು ಬಂದ್ರು."

"ಮಾತಾಡಿಸ್ಲಿಲ್ಲ ಯಾಕೆ?"

"ಮಂದಿ ಮುಂದ ನಗಸಿದ್ದು ನಂದ ತಪ್ಪು ಅಂದ್ರು. ಯಾವ ಮಾರಿ ಹೊತ್ತು ಮಾತಾಡಸ್ಲಿ ಅಂದ್ರು." ಪ್ರೇಮವ್ವ ಸೆರಗಿನಿಂದ ಮೂಗು ಒರೆಸಿಕೊಂಡರು. "ದಿನಾ ಅಡಗಿಮನ್ಯಾಗ ನಿಂತು ಎಲ್ಲಾ ಹುಡುಗರು ಈಸೋ ಕೈ ಮಾಡಿ ತೋರಸೋರು. ಆ ರೇಸ್ ನೋಡಿ ಬಂದಾಗಿಂದ ನಿಂದೊಂದ ಬಿಟ್ರು. ಮಾಡ್ರಿ ಅಂದ್ರ, ಬ್ಯಾಡ, ಆ ಕೈ ನೋಯ್ತೈತಿ ಅನ್ನೋರು."

ಮಣ್ಣು ಹಾಕುವ ಸರದಿ ಬಂತು. ನಮ್ರತಾ ಎಡಗೈಯಲ್ಲಿ ಹಿಡಿ ಮಣ್ಣು ತೆಗೆದುಕೊಂಡಳು. ಒಂದು ಗಳಿಗೆ ನಿಂತು, ಅದನ್ನು ಬಲಗೈಗೆ ಸುರಿದುಕೊಂಡಳು. ಮೊಣಕೈ ಹೊರಚಾಚಿ, ಭುಜ ಕುಗ್ಗಿಸಿ, ಉಸ್ಸೆಂದು ಎತ್ತಿದಳು. ಹಿಂದೆ ಇಂದುಧರ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಪ್ರೇಮವ್ವ ಅವಳ ಮೊಣಕೈ ಕೆಳಗೆ ತಮ್ಮ ಅಂಗೈ ಆನಿಸಿ ಹಿಡಿದರು. ಬೆರಳ ಸಂದಿನಿಂದ ಮಣ್ಣು ಸಣ್ಣಗೆ ಪೆಟ್ಟಿಗೆಯ ಮೇಲೆ ಇಳಿಯುತ್ತಿತ್ತು.