ಮಂಚದ ತಲೆದೆಸೆಯ ಗೋಡೆ

ಬಾಗಿಲು ಹಾಕಿದೆ, ಕಿಟಕಿ ಹಾಕಿದೆ, ಆದರೂ ಈ ಚಳಿ ಎಲ್ಲಿಂದ ಬರುತ್ತೆ? ಈ ಮಾತು ಯಾರ ಮನೆಯಲ್ಲಿ ಇಲ್ಲ ಹೇಳಿ. ದರ್ಜಿ ಅಜ್ಜಿಯ ಮನೆಯಲ್ಲೂ ಇತ್ತು.

ಲಾರಿ ಓಡಾಡುವ ರಸ್ತೆಯ ಮಗ್ಗುಲಲ್ಲೇ ಅವಳ ಮನೆ. ಚಳಿಗಾಲದಲ್ಲಿ ಬೆರಳು ಮರಗಟ್ಟಿ ಸೂಜಿಗೆ ದಾರ ಪೋಣಿಸುವುದೂ ಕಷ್ಟ. ಯಜಮಾನರು ಕಾಯಿಲೆ ಬಿದ್ದಾಗ ಅಜ್ಜಿ ಅವರ ಮಂಚವನ್ನು ಕಿಟಕಿಯ ಬಳಿಯಿಂದ ಮೂಲೆಯ ಗೋಡೆಗೆ ಎಳೆದು ಹಾಕಿದಳು. ಹೊಲಿದು ಉಳಿದ ಚೂರುಗಳನ್ನೆಲ್ಲ ಜೋಡಿಸಿ ಕಿಟಕಿಗೆ ಎರಡು ಪದರದ ಪರದೆ ಹೊಲಿದಳು. ಸಾಲದೆಂದು ಇನ್ನೊಂದು ಪದರ ಸೇರಿಸಿದಳು.

"ಲಾರಿ ನನ್ನ ತಲೆಯೊಳಗೇ ಓಡ್ತಿದೆ ಕಣೇ," ಅನ್ನುತ್ತಿದ್ದರು ಅವರು.

"ಆ ಪರದೆ ದಾಟಿ ನೊಣಾನೂ ಬರಲ್ಲ, ಲಾರಿ ಬರುತ್ತಾ? ವಯಸ್ಸಾಯ್ತು ನಿಮಗೆ, ಸುಮ್ನೆ ಮಲಗಿ." ಅಜ್ಜಿ ನಕ್ಕು ಮತ್ತೊಂದು ಕಂಬಳಿ ಹೊದಿಸುತ್ತಿದ್ದಳು.

ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು.

ಈಗ ಅದೇ ಮಂಚದ ಮೇಲೆ ಮೊಮ್ಮಗಳು ಮಲಗುತ್ತಾಳೆ. ಚಳಿ ಶುರುವಾದಾಗಿನಿಂದ ಮಗುವಿನ ಕೆಮ್ಮು ನಿಂತಿಲ್ಲ, ಕಣ್ಣಿಗೆ ನಿದ್ದೆ ಇಲ್ಲ. ಮಂಚ ಸರಿಸೋಣ ಎಂದು ಮಗಳು ಹೇಳಿದರೆ ಅಜ್ಜಿ ಕೇಳುವವಳಲ್ಲ. "ಅದು ನಿಮ್ಮಪ್ಪನ ಜಾಗ. ಮನೇಲಿ ಬೆಚ್ಚಗಿರೋದು ಅದೊಂದೇ ಮೂಲೆ."

ಕೆಳಗಿನ ಮನೆಯ ಸೊಸೆಗೆ ಕಟ್ಟಡ ಪರೀಕ್ಷೆ ಮಾಡುವ ಕೆಲಸ. ಮಗಳು ಅವಳನ್ನು ಕರೆದಳು. ಚಳಿ ಕೊರೆಯುವ ಒಂದು ಬೆಳಿಗ್ಗೆ, ಒಳಗೆ ಹೀಟರ್ ಉರಿಯುತ್ತಿರುವಾಗಲೇ, ಅವಳು ಕೈಯಲ್ಲೊಂದು ಕ್ಯಾಮೆರಾ ಹಿಡಿದು ಬಂದಳು.

"ಏನಮ್ಮಾ, ಫೋಟೋನಾ? ಇನ್ನೂ ತಲೆ ಬಾಚಿಲ್ಲ ನಾನು."

"ನಿಮ್ಮದಲ್ಲ ಅಜ್ಜಿ, ಗೋಡೇದು. ಇದು ಶಾಖದ ಕ್ಯಾಮೆರಾ. ಬೆಚ್ಚಗಿದ್ದರೆ ಹಳದಿ, ತಣ್ಣಗಿದ್ದರೆ ನೀಲಿ. ಒಳಗೆ ಶಾಖ ಇದ್ದು ಹೊರಗೆ ಚಳಿ ಇದ್ದಾಗ ಚೆನ್ನಾಗಿ ಕಾಣುತ್ತೆ."

"ಗೋಡೆಗೂ ಜ್ವರ ನೋಡೋ ಕಾಲ ಬಂತು!"

ಸೊಸೆ ಪರದೆ ಎತ್ತಿ ಕಿಟಕಿಯ ಅಂಚುಗಳನ್ನು ನೋಡಿದಳು. ಪರವಾಗಿಲ್ಲ ಎಂದಳು. ಮಂಚದ ಕಡೆ ತಿರುಗಿದವಳು ಅಲ್ಲೇ ನಿಂತಳು. ತಲೆದೆಸೆಯ ಗೋಡೆಯಲ್ಲಿ ಕಡುನೀಲಿ ಮಚ್ಚೆ. ಅದು ಶಾಯಿ ಚೆಲ್ಲಿದ ಹಾಗೆ ದಿಂಬಿನವರೆಗೂ ಹರಡಿತ್ತು.

"ನಿನ್ನ ಯಂತ್ರಕ್ಕೇ ನೆಗಡಿ ಆಗಿರ್ಬೇಕು," ಎಂದಳು ಅಜ್ಜಿ. "ನಾನು ನಂಬೋದು ಇದನ್ನ." ಉಂಡೆಯಿಂದ ಒಂದು ಎಳೆ ದಾರ ಕಿತ್ತು ಗೋಡೆಯ ಮುಂದೆ ಹಿಡಿದಳು. ನೆಟ್ಟಗೆ ಇಳಿಬಿದ್ದ ದಾರ ಮೆಲ್ಲಗೆ ಎದ್ದು ದಿಂಬಿನ ಕಡೆಗೆ ವಾಲಿತು.

ಅಜ್ಜಿ ಇನ್ನೊಮ್ಮೆ ಹಿಡಿದಳು, ದಾರ ಮತ್ತೆ ಅತ್ತಲೇ ವಾಲಿತು.

ಮಂಚ ಸರಿಸಿ ಸೊಸೆ ಗೋಡೆ ತಟ್ಟಿದಳು. ಡಬಡಬ ಅಂದಿತು. "ನೋಡಿ, ಹಳೆ ಹೀಟರಿನ ಹೊಗೆ ಹೋಗೋ ಕೊಳವೆ ತೆಗೆದಾಗ ತೂತಿಗೆ ರಟ್ಟು ಅಂಟಿಸಿ ಬಣ್ಣ ಬಳಿದುಬಿಟ್ಟಿದ್ದಾರೆ. ಗಾಳಿ ಬರೋ ದಾರೀಲೇ ಸದ್ದೂ ಬರುತ್ತೆ ಅಜ್ಜಿ. ಅದು ಕ್ಯಾಮೆರಾಗೆ ಕಾಣಲ್ಲ. ಬೇಕಾದ್ರೆ ಕಿವಿ ಇಟ್ಟು ಕೇಳಿ."

ಅಜ್ಜಿ ಕಿವಿ ಇಟ್ಟಳು. ಹೊರಗೆ ಲಾರಿಯೊಂದು ಹೋಯಿತು. ತಲೆಯೊಳಗೇ ಹೋದಂತಾಯಿತು.

"ಬೆಚ್ಚಗಿರಲಿ ಅಂತ ನಾನೇ ಎಳ್ಕೊಂಡು ಬಂದು ಇಲ್ಲಿ ಮಲಗಿಸಿದ್ದು."

"ಅವರ ಕಾಯಿಲೆಯೇ ಬೇರೆ ಅಜ್ಜಿ. ಇದರಿಂದಲೇ ಹೋದರು ಅಂತ ಯಾರೂ ಹೇಳೋಕಾಗಲ್ಲ."

"ಹೋಗಿದ್ದಕ್ಕಲ್ಲ ಕಣಮ್ಮಾ. ಅವರು ಹೇಳಿದಾಗ ನಕ್ಕುಬಿಟ್ಟೆನಲ್ಲ."

ಅಂದೇ ಅಜ್ಜಿ ಮೇಸ್ತ್ರಿಗೆ ಹೇಳಿಕಳಿಸಿದಳು. ರಟ್ಟು ಕಿತ್ತು, ತೂತನ್ನು ಒಳಗೂ ಹೊರಗೂ ಭದ್ರವಾಗಿ ಮುಚ್ಚಿಸಿದಳು. ಇದೇ ಹುರುಪಿನಲ್ಲಿ ಅಡುಗೆಮನೆಯ ಗಾಳಿಕಿಂಡಿಗೂ ಬಟ್ಟೆ ತುರುಕಲು ಹೋದಾಗ ಸೊಸೆ ತಡೆದಳು. "ಅದು ಬೇಕು ಅಜ್ಜಿ. ಒಲೆ ಉರಿಯೋ ಕಡೆ ಕಿಂಡಿ ಮುಚ್ಚಿದರೆ ಜೀವಕ್ಕೇ ಅಪಾಯ." ತಲೆದೆಸೆಯ ಗೋಡೆಗೆ ಮತ್ತೆ ಕ್ಯಾಮೆರಾ ಹಿಡಿದಾಗ ನೀಲಿ ಮಚ್ಚೆ ಇರಲಿಲ್ಲ.

ಆಮೇಲೆ ಮಗು ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿತು. ಅಜ್ಜಿ ಪಕ್ಕದಲ್ಲಿ ಕೂತು ದಿಂಬಿನ ಅಂಚು ಸವರುತ್ತಿದ್ದಳು. ಕೋಣೆ ಗಪ್‌ಚಿಪ್ಪಾಗಿತ್ತು. ಯಜಮಾನರು ಅಂದು ಬೇಡಿದ್ದೂ ಇಷ್ಟನ್ನೇ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಿಟಕಿ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಮೂಲೆ, ಸೂರಿನ ಸಂದು, ಕೊಳವೆ ಹಾಯ್ದ ಜಾಗ ಎಲ್ಲವನ್ನೂ ನೋಡಿ. ಶಾಖದ ಕ್ಯಾಮೆರಾ ಇರುವವರನ್ನು ಕರೆಸಿ. ಅವರು ಬರುವ ತನಕ ಒಂದು ಎಳೆ ದಾರ ಸಾಕು. ಮನೆಯಲ್ಲಿ ಯಾರಾದರೂ ಇಲ್ಲಿ ಚಳಿ, ಇಲ್ಲಿ ಸದ್ದು ಎಂದರೆ ನಗಬೇಡಿ. ಹೇಳುವವರು ಇರುವಾಗಲೇ ದಾರ ಹಿಡಿದು ನೋಡಿ.